ಹೋಟೆಲ್ ಮ್ಯಾನೇಜ್‌ಮೆಂಟ್ ಕ್ಲಾಸಿಗೆ ವೈನರಿ ಟೂರ್: ನಂದಿ ತಪ್ಪಲಿನ ಒಂದು ದಿನ, ಶುರುವಿನಿಂದ ಕೊನೆಯವರೆಗೆ

ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರಿಗೆ ವೈನರಿ ಟೂರ್ ಹೊಸದೇನಲ್ಲ. ಬಸ್ಸು ಹೊರಡುತ್ತದೆ, ದ್ರಾಕ್ಷಿ ಚಪ್ಪರದ ಕೆಳಗೆ ಗ್ರೂಪ್ ಫೋಟೋ ಆಗುತ್ತದೆ, ಐದು ಗ್ಲಾಸ್ ಗಟಗಟ ಖಾಲಿಯಾಗುತ್ತವೆ, ಊಟ ಮುಗಿಸಿ ಎಲ್ಲರೂ ನಿದ್ದೆ ಹೊಡೆಯುತ್ತಾ ವಾಪಸ್ ಬರುತ್ತಾರೆ. ಮಾರನೇ ದಿನ 'ಯಾವ ವೈನ್ ಹೇಗಿತ್ತು?' ಅಂತ ಕೇಳಿದರೆ 'ಚೆನ್ನಾಗಿತ್ತು ಸರ್' ಅನ್ನುವುದು ಬಿಟ್ಟು ಬೇರೆ ಉತ್ತರ ಇರುವುದಿಲ್ಲ.

ಈ ಟೂರ್‌ನಲ್ಲಿ ಕುಡಿಯುವುದು ಕಡಿಮೆ ಇರಬೇಕು. ಮೂಸುವುದು, ಉಗುಳುವುದು, ಬಡಿಸುವುದು ಜಾಸ್ತಿ ಇರಬೇಕು. ಅದಕ್ಕೆ ತಕ್ಕ ಹಾಗೆ ಪ್ಲಾನ್ ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಟೂರ್ ಜವಾಬ್ದಾರಿ ಹೊತ್ತ ಲೆಕ್ಚರರ್‌ಗಳಿಗೂ ಕ್ಲಾಸ್ ರೆಪ್‌ಗಳಿಗೂ ಇದು ಉಪಯೋಗಕ್ಕೆ ಬಂದೀತು.

1. ಯಾವಾಗ, ಎಲ್ಲಿಗೆ?

ಫೆಬ್ರವರಿ ಇಲ್ಲವೇ ಮಾರ್ಚ್ ಆರಿಸಿಕೊಳ್ಳಿ. ಫ್ರಾನ್ಸ್‌ನಲ್ಲಿ ಸೆಪ್ಟೆಂಬರ್ ಹೊತ್ತಿಗೆ ದ್ರಾಕ್ಷಿ ಕೊಯ್ಯುತ್ತಾರೆ, ಪಠ್ಯಪುಸ್ತಕದಲ್ಲೂ ಹಾಗೇ ಇರುತ್ತದೆ. ನಮ್ಮಲ್ಲಿ ಲೆಕ್ಕವೇ ಬೇರೆ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಹಾಗಾಗಿ ಬೇಸಿಗೆಯಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಹಣ್ಣು ಬರುವುದು ಎರಡನೇ ಚಾಟ್ನಿಯ ನಂತರ. ಬೇಸಿಗೆ ಶುರುವಾಗುವ ಹೊತ್ತಿಗೆ ಕೊಯ್ಲು. ಆಗ ಹೋದರೆ ಬಳ್ಳಿಯಲ್ಲಿ ಗೊಂಚಲು, ತೊಟ್ಟಿಯಲ್ಲಿ ಹುದುಗುತ್ತಿರುವ ರಸ, ಎರಡೂ ಒಂದೇ ದಿನ ನೋಡಲು ಸಿಗುತ್ತವೆ. ಜುಲೈನಲ್ಲಿ ಹೋದರೆ ಬರೀ ಎಲೆ.

ಬೆಂಗಳೂರಿನ ಕಾಲೇಜಿಗೆ ಹತ್ತಿರದ್ದು ನಂದಿ ತಪ್ಪಲು. ದೊಡ್ಡಬಳ್ಳಾಪುರ-ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ ಗ್ರೋವರ್ ಝಂಪಾ ಇದೆ. 1988ರಲ್ಲಿ ಕನ್ವಲ್ ಗ್ರೋವರ್ ಶುರು ಮಾಡಿದ ಕಂಪನಿ ಇದು. 2012ರಲ್ಲಿ ನಾಸಿಕ್ ಕಡೆಯ ವ್ಯಾಲೀ ದ ವಿನ್ ಜೊತೆ ಸೇರಿ ಈಗಿನ ಹೆಸರು ಬಂತು. ಇವರ 'ಲಾ ರಿಸರ್ವ್' ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಎಂಬ ಎರಡು ದ್ರಾಕ್ಷಿ ತಳಿ ಸೇರಿಸಿ ಮಾಡುವ ಕೆಂಪು ವೈನ್. ದೊಡ್ಡ ಹೋಟೆಲ್‌ಗಳ ವೈನ್ ಲಿಸ್ಟಿನಲ್ಲಿ ಕಾಣಸಿಗುವ ಹೆಸರಾದ್ದರಿಂದ ವಿದ್ಯಾರ್ಥಿಗಳು ಅದನ್ನು ತಿಳಿದಿರಲೇಬೇಕು. ಮೈಸೂರು ರಸ್ತೆಯ ಕಡೆ ಹೋಗುವುದಾದರೆ ಚನ್ನಪಟ್ಟಣದ ಹತ್ತಿರ ದೊಮೇನ್ ಸುಲಾ ವೈನರಿ ಇದೆ.

ಒಂದೇ ದಿನ ಎರಡು ವೈನರಿ ಮಾತ್ರ ಬೇಡ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ನಾಲಿಗೆ ಸೋತಿರುತ್ತದೆ, ಗಮನವೂ ಸೋತಿರುತ್ತದೆ.

ವಾರದ ನಡುವಿನ ದಿನ ಹೋಗಿ. ಶನಿವಾರ, ಭಾನುವಾರ ಟೂರಿಸ್ಟ್ ಗಲಾಟೆಯಲ್ಲಿ ಗೈಡ್‌ನ ಮಾತೇ ಕೇಳುವುದಿಲ್ಲ. ತಾರೀಕು ಗೊತ್ತು ಮಾಡುವ ಮುಂಚೆ ಡ್ರೈ ಡೇ, ಅಂದರೆ ಮದ್ಯ ಮಾರದ ದಿನ, ನೋಡಿಕೊಳ್ಳಿ. ಚುನಾವಣೆ ಇದ್ದರೆ ಮತದಾನ ಮುಗಿಯುವ ಸಮಯಕ್ಕೆ ಹಿಂದಿನ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಬಂದ್.

2. ಯಾರು ಕುಡಿಯಬಹುದು, ಯಾರು ಕುಡಿಯುವಂತಿಲ್ಲ

ತುಂಬಾ ಕಾಲೇಜುಗಳು ಇದನ್ನು ಸುಮ್ನೆ ಹಾರಿಸಿಬಿಡುತ್ತವೆ. ಕರ್ನಾಟಕದಲ್ಲಿ ಮದ್ಯ ಕೊಡುವುದು 21 ತುಂಬಿದವರಿಗೆ ಮಾತ್ರ. ಪಿಯುಸಿ ಮುಗಿಸಿ ಬಂದವರಿಗೆ ಮೊದಲ ವರ್ಷದಲ್ಲಿ 18. ಕೊನೆಯ ವರ್ಷದಲ್ಲೂ ಅರ್ಧ ಕ್ಲಾಸಿಗೆ 21 ಆಗಿರುವುದಿಲ್ಲ. 'ಸ್ಟಡಿ ಟೂರ್ ಅಲ್ವಾ, ಒಂದು ಗುಟುಕು ಪರವಾಗಿಲ್ಲ' ಅನ್ನುವ ಮಾತಿಗೆ ಜಾಗವೇ ಇಲ್ಲ.

ಹೆಸರಿನ ಪಟ್ಟಿ ತೆಗೆದು ಹುಟ್ಟಿದ ತಾರೀಕು ನೋಡಿ, ಎರಡು ಗುಂಪು ಮಾಡಿ. ಟೇಸ್ಟಿಂಗ್ ಗುಂಪಿಗೆ ಒಂದು ಬಣ್ಣದ ಕೈಪಟ್ಟಿ, ಉಳಿದವರಿಗೆ ಇನ್ನೊಂದು. ಎಲ್ಲರೂ ಗುರುತಿನ ಚೀಟಿಯ ಅಸಲಿ ತರಲಿ, ಝೆರಾಕ್ಸ್ ಸಾಲದು. ಚಿಕ್ಕವರಿಗೆ ಬೇಜಾರಾಗದ ಹಾಗೆ ಕೆಲಸ ಹಂಚುವುದು ನಿಮ್ಮ ಕೈಯಲ್ಲಿದೆ. ಬಣ್ಣ ನೋಡುವುದು, ವಾಸನೆ ಗುರುತಿಸುವುದು, ತಾಪಮಾನ ಅಳೆಯುವುದು, ಅಡುಗೆಮನೆಯಲ್ಲಿ ಪ್ಲೇಟಿಂಗ್ ನೋಡುವುದು, ಇವು ಯಾವುದಕ್ಕೂ ನುಂಗಬೇಕಾಗಿಲ್ಲ. ವೈನ್ ಬಗ್ಗೆ ನಾವು 'ರುಚಿ' ಅನ್ನುವುದರಲ್ಲಿ ಬಹುಪಾಲು ಮೂಗಿನದೇ ಕೆಲಸ.

21 ತುಂಬಿದ್ದರೂ ಮನೆಯ ಪದ್ಧತಿ, ಧರ್ಮ, ಆರೋಗ್ಯ ಯಾವುದೇ ಕಾರಣಕ್ಕೆ ಬೇಡ ಅನ್ನುವವರು ಇರುತ್ತಾರೆ. ಕಾರಣ ಕೇಳಬೇಡಿ, ಅಂಕ ಕಡಿಯಬೇಡಿ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಮುಂಚೆಯೇ ಡಾಕ್ಟರನ್ನು ಕೇಳಿಕೊಳ್ಳಲಿ. ಮೆಟ್ರೊನಿಡಜೋಲ್ ನಡೆಯುತ್ತಿದ್ದರೆ ಮದ್ಯ ಮುಟ್ಟಬೇಡಿ ಅಂತ ಡಾಕ್ಟರುಗಳೇ ಹೇಳುತ್ತಾರೆ. ಆಸ್ತಮಾ ಇರುವವರಲ್ಲಿ ಕೆಲವರಿಗೆ ವೈನ್ ಕೆಡದಂತೆ ಹಾಕುವ ಸಲ್ಫೈಟ್ ಆಗಿಬರುವುದಿಲ್ಲ.

ಪ್ರಿನ್ಸಿಪಾಲರ ಪತ್ರ, ಮನೆಯವರ ಒಪ್ಪಿಗೆ ಪತ್ರ ಎರಡೂ ಲಿಖಿತದಲ್ಲಿರಲಿ. ಮನೆಗೆ ಕಳಿಸುವ ಪತ್ರದಲ್ಲಿ 'ಇಂಡಸ್ಟ್ರಿಯಲ್ ವಿಸಿಟ್' ಅಂತ ಮರೆಮಾಚದೆ 'ವೈನರಿಗೆ ಹೋಗುತ್ತಿದ್ದೇವೆ' ಅಂತಲೇ ಬರೆಯಿರಿ. ಆಮೇಲೆ ಇನ್‌ಸ್ಟಾಗ್ರಾಂ ನೋಡಿ ಗೊತ್ತಾದರೆ ಫೋನ್ ಬರುವುದು ನಿಮಗೇ.

3. ವೈನರಿಯವರ ಜೊತೆ ಮಾತಾಡಿಕೊಳ್ಳಬೇಕಾದ್ದು

'ಮೂವತ್ತು ಜನ ಬರ್ತೀವಿ' ಅಂದರೆ ಟೂರಿಸ್ಟ್ ಪ್ಯಾಕೇಜ್ ಕೊಡುತ್ತಾರೆ. ನಿಮಗೆ ಬೇಕಾದ್ದು ಅದಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಕ್ಲಾಸು ಅಂತ ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ. ವೈನ್ ತಯಾರಿಸುವವರು ಯಾರಾದರೂ ಅರ್ಧ ಗಂಟೆ ಸಿಗುತ್ತಾರಾ? ಉಗುಳಲು ಪಾತ್ರೆ ಇಡುತ್ತಾರಾ? ಒಬ್ಬರಿಗೆ ಎಷ್ಟು ಗ್ಲಾಸ್? ಐದು ವೈನ್, ಇಪ್ಪತ್ತು ಜನ ಅಂದರೆ ನೂರು ಗ್ಲಾಸ್ ಬೇಕು. ಅಷ್ಟಿಲ್ಲದಿದ್ದರೆ ತಲಾ ಎರಡು ಕೇಳಿ, ಬಿಳಿಗೊಂದು, ಕೆಂಪಿಗೊಂದು. ಒಂದರ ಪಕ್ಕ ಒಂದಿಟ್ಟು ಹೋಲಿಸದಿದ್ದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ.

ಬಾಟಲಿ ಲೆಕ್ಕ ಸುಲಭ. ಒಂದು ಟೇಸ್ಟಿಂಗ್‌ಗೆ 40 ಮಿ.ಲೀ. ಸಾಕು. 750 ಮಿ.ಲೀ. ಬಾಟಲಿಯಲ್ಲಿ ಹದಿನೆಂಟು ಜನಕ್ಕೆ ಬರುತ್ತದೆ. ಐದೂ ವೈನ್ ಪೂರ್ತಿ ನುಂಗಿದರೆ ಒಬ್ಬರ ಹೊಟ್ಟೆಗೆ 200 ಮಿ.ಲೀ. ಹೋಯಿತು, ಅಂದರೆ ಸುಮಾರು 20 ಗ್ರಾಂ ಆಲ್ಕೋಹಾಲ್. ಇದರ ಮೇಲೆ ಊಟದ ವೈನ್ ಬೇರೆ. ಉಗುಳಿ ಅಂತ ಒತ್ತಿ ಹೇಳುವುದು ಇದಕ್ಕೇ.

ತಲಾ ದರದಲ್ಲಿ ಜಿಎಸ್‌ಟಿ, ಸರ್ವಿಸ್ ಚಾರ್ಜ್ ಸೇರಿದೆಯಾ, ಕುಡಿಯದವರಿಗೆ ಕಡಿಮೆ ದರ ಇದೆಯಾ, ಎರಡನ್ನೂ ಬರೆಸಿಕೊಳ್ಳಿ.

4. ಹಿಂದಿನ ವಾರ ಕ್ಲಾಸಿನಲ್ಲಿ

ಟೂರ್‌ನ ಅರ್ಧ ಕೆಲಸ ಇಲ್ಲೇ ಮುಗಿಯಬೇಕು. ಇದರಲ್ಲಿ ಒಂದು ಹನಿ ಮದ್ಯವೂ ಬೇಕಿಲ್ಲ, ಹಾಗಾಗಿ ಎಲ್ಲರೂ ಕೂರಬಹುದು.

ಮೊದಲು ನಾಲಿಗೆ. ನಾಲ್ಕು ಲೋಟ ಇಡಿ. ಒಂದರಲ್ಲಿ ಸಾದಾ ನೀರು, ಒಂದರಲ್ಲಿ ನಿಂಬೆ ಹಿಂಡಿದ ನೀರು, ಒಂದರಲ್ಲಿ ಹಾಲು-ಸಕ್ಕರೆ ಇಲ್ಲದ ಗಟ್ಟಿ ಟೀ ಡಿಕಾಕ್ಷನ್, ಒಂದರಲ್ಲಿ ಸಕ್ಕರೆ ನೀರು. ನಿಂಬೆ ನೀರು ಬಾಯಿಗೆ ಹೋದ ಕೂಡಲೇ ದವಡೆ ಪಕ್ಕದಲ್ಲಿ ಜೊಲ್ಲು ಸುರಿಯುತ್ತದೆ. ಅದು ಹುಳಿ. ಡಿಕಾಕ್ಷನ್ ಕುಡಿದರೆ ಒಸಡು ಒಣಗಿ ನಾಲಿಗೆ ತರಿತರಿ ಆಗುತ್ತದೆ. ಅದು ಒಗರು, ಕೆಂಪು ವೈನ್‌ನಲ್ಲಿ ಟ್ಯಾನಿನ್ ಮಾಡುವ ಕೆಲಸ. ಜೊಲ್ಲು ಬಂತಾ, ಒಣಗಿತಾ? ಈ ಒಂದು ಪ್ರಶ್ನೆ ಗೊತ್ತಿದ್ದರೆ ವೈನ್ ಮುಂದೆ ಕೂತಾಗ ಅರ್ಧ ಗೊಂದಲ ಕಳೆಯಿತು. ಆಮೇಲೆ ನಿಂಬೆ ನೀರಿಗೆ ಸಕ್ಕರೆ ಕದಡಿ ಕೊಡಿ. ಹುಳಿ ಅಷ್ಟೇ ಇದ್ದರೂ ನಾಲಿಗೆಗೆ ಕಡಿಮೆ ಅನ್ನಿಸುತ್ತದೆ. ಕೊನೆಗೆ ಒಂದು ಹಿಡಿ ಖಾರಾ ಮಿಕ್ಸ್ಚರ್ ತಿನ್ನಿಸಿ ಡಿಕಾಕ್ಷನ್ ಕುಡಿಸಿ, ನಂತರ ಸಕ್ಕರೆ ನೀರು ಕುಡಿಸಿ. ಖಾರದ ಊಟಕ್ಕೆ ಒಗರಿನ ಕೆಂಪು ವೈನ್ ಯಾಕೆ ಕಷ್ಟ ಅಂತ ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ಮೂಗು. ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ಒಂದೊಂದು ವಸ್ತು ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ, ನಂಬರ್ ಹಾಕಿ. ಜಜ್ಜಿದ ಕಾಳುಮೆಣಸು, ಲವಂಗ, ಹೆಚ್ಚಿದ ದಪ್ಪ ಮೆಣಸಿನಕಾಯಿ, ಸೀಬೆಹಣ್ಣು, ಜೇನು, ವಿನೆಗರ್, ನೀರಲ್ಲಿ ನೆನೆಸಿಟ್ಟ ರಟ್ಟು. ನೋಡದೆ ಮೂಸಿ ಹೆಸರು ಬರೆಯಬೇಕು. ದಿನಾ ಒಗ್ಗರಣೆಯ ವಾಸನೆಯಲ್ಲಿ ಬೆಳೆದವರೂ ಲವಂಗ ಯಾವುದು, ಏಲಕ್ಕಿ ಯಾವುದು ಅಂತ ತಡವರಿಸುತ್ತಾರೆ, ಇದು ಮಾತ್ರ ನೋಡಲು ಮಜಾ.

ಇಲ್ಲಿ ಕ್ಲಾಸಿಗೆ ಹೇಳಬೇಕಾದ ಮಾತೊಂದಿದೆ. ಶಿರಾಜ್‌ನಲ್ಲಿ ಕಾಳುಮೆಣಸಿನ ಘಾಟು ಇದೆ ಅಂದರೆ ಅದು ಕವಿತ್ವ ಅಲ್ಲ. ಎರಡರಲ್ಲೂ ಇರುವುದು ರೋಟಂಡೋನ್ ಎಂಬ ಒಂದೇ ಅಂಶ. ಕ್ಯಾಬರ್ನೆಯ ದಪ್ಪ ಮೆಣಸಿನಕಾಯಿ ವಾಸನೆಗೆ ಪೈರಜಿನ್ ಕಾರಣ, ಅದು ದಪ್ಪ ಮೆಣಸಿನಕಾಯಿಯಲ್ಲೂ ಇದೆ. ಓಕ್ ಪೀಪಾಯಿಯಿಂದ ಬರುವ ಲವಂಗದ ವಾಸನೆ ಲವಂಗದಲ್ಲೇ ಇರುವ ಯುಜಿನಾಲ್‌ನದು. ಒದ್ದೆ ರಟ್ಟು ಯಾಕೆ ಅಂದರೆ, ಕಾರ್ಕ್ ಕೆಟ್ಟ ವೈನ್ ಹಾಗೇ ನಾರುತ್ತದೆ. ಗ್ರಾಹಕರು ಬಾಟಲಿ ವಾಪಸ್ ಕೊಟ್ಟಾಗ ಅವರದ್ದು ಸರಿಯೋ ಅಲ್ಲವೋ ಅಂತ ಹೇಳಲು ಈ ಒಂದು ಡಬ್ಬಿ ಸಾಕು.

ಖಾಲಿ ವೈನ್ ಬಾಟಲಿಗೆ ನೀರು ತುಂಬಿ ಬಡಿಸುವುದನ್ನೂ ಇದೇ ವಾರ ಅಭ್ಯಾಸ ಮಾಡಿಸಿ. ಒಂದು ಬಾಟಲಿ ಐದು ಗ್ಲಾಸಿಗೆ, ತಲಾ 150 ಮಿ.ಲೀ., ಸಮಸಮ ಬರಬೇಕು. ಮೊದಲ ಸಲ ಐದನೆಯವರಿಗೆ ಎರಡು ಚಮಚ ಉಳಿದಿರುತ್ತದೆ, ನೋಡುತ್ತಿರಿ.

5. ಹೊರಡುವ ಬೆಳಗ್ಗೆ

ಏಳಕ್ಕೆ ಬಸ್ಸು ಬಿಡಬೇಕು. ಯಲಹಂಕ, ರಾಜಾನುಕುಂಟೆ ದಾಟಿ ದಾರಿಯಲ್ಲಿ ಇಡ್ಲಿ ತಿಂಡಿ. ಖಾಲಿ ಹೊಟ್ಟೆಯಲ್ಲಿ ಯಾರೂ ಟೇಸ್ಟಿಂಗ್‌ಗೆ ಕೂರಬಾರದು. ಬೆಳ್ಳುಳ್ಳಿ ಕೆಂಪು ಚಟ್ನಿ ಹಚ್ಚಿದ ಮಸಾಲೆ ದೋಸೆ ಇವತ್ತು ಬೇಡ, ಅದರ ರುಚಿ ಮಧ್ಯಾಹ್ನದವರೆಗೂ ಬಾಯಿ ಬಿಡುವುದಿಲ್ಲ.

ಸೆಂಟು, ಘಾಟಿನ ಹೇರ್ ಜೆಲ್ ಹಾಕುವಂತಿಲ್ಲ. ಮಲ್ಲಿಗೆ ಮುಡಿಯುವುದೂ ಇವತ್ತಿಗೆ ಬೇಡ. ಟೇಬಲ್‌ನಲ್ಲಿ ಒಬ್ಬರು ಮಲ್ಲಿಗೆ ಮುಡಿದು ಕೂತರೆ ಅಕ್ಕಪಕ್ಕದವರ ಪೇಪರಿನಲ್ಲೆಲ್ಲ 'ಹೂವಿನ ಪರಿಮಳ' ಅಂತ ಬರುತ್ತದೆ. ಮಿಂಟ್, ಚೂಯಿಂಗ್ ಗಮ್ ಕೂಡ ಜೇಬಲ್ಲೇ ಇರಲಿ. ನೆಲ ಒದ್ದೆ ಇರುವುದರಿಂದ ಮುಚ್ಚಿದ, ಜಾರದ ಶೂ ಹಾಕಲಿ.

ಡ್ರೈವರ್‌ಗೆ ಊಟ, ನೀರು, ನೆರಳು ಎಲ್ಲ ಇರಲಿ, ವೈನ್ ಮಾತ್ರ ಇಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ಸ್ವಂತ ಬೈಕಿನಲ್ಲಿ ಬರುತ್ತೇನೆ ಅನ್ನುವ ವಿದ್ಯಾರ್ಥಿಗೂ ಇಲ್ಲ ಅನ್ನಿ.

6. ತೋಟ ಮತ್ತು ವೈನರಿ

ತೋಟದಲ್ಲಿ ಕೇಳದೆ ಹಣ್ಣು ಕಿತ್ತು ತಿನ್ನಬೇಡಿ, ಔಷಧಿ ಹೊಡೆದಿರಬಹುದು. ಅವರೇ ಕೊಟ್ಟರೆ ಒಂದು ಕ್ಯಾಬರ್ನೆ ಹಣ್ಣನ್ನು ನಿಧಾನವಾಗಿ ತಿನ್ನಿಸಿ. ಮಾರ್ಕೆಟ್ಟಿನ ದ್ರಾಕ್ಷಿಗಿಂತ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಜಾಸ್ತಿ. ಮೊದಲು ತಿರುಳು ಚೀಪಿ, ರಸಕ್ಕೆ ಬಣ್ಣವೇ ಇರುವುದಿಲ್ಲ. ಆಮೇಲೆ ಬರೀ ಸಿಪ್ಪೆ ಅಗಿಯಿರಿ, ಬೆರಳಿಗೆ ನೇರಳೆ ಬಣ್ಣ ಅಂಟುತ್ತದೆ, ಒಗರು ಶುರುವಾಗುತ್ತದೆ. ಕೊನೆಗೆ ಬೀಜ ಕಚ್ಚಿ, ಬಾಯೆಲ್ಲ ಕಹಿ, ಒಗರು. ಕೆಂಪು ವೈನ್ ಸಿಪ್ಪೆ ಜೊತೆ ಯಾಕೆ ಹುದುಗಬೇಕು, ಬೀಜ ಒಡೆಯದಂತೆ ಯಾಕೆ ಮೆತ್ತಗೆ ಹಿಂಡಬೇಕು ಅಂತ ಒಂದೇ ಹಣ್ಣಿನಲ್ಲಿ ಅರ್ಥವಾಯಿತು. ಈ ಸೀಮೆಯದೇ ಆದ, 2013ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮಾನ್ಯತೆ) ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ದಾರಿಯಲ್ಲಿ ಸಿಕ್ಕರೆ ಕೊಂಡು ಪಕ್ಕದಲ್ಲಿಟ್ಟು ಮೂಸಿ. ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಹೋಗುವ ಆ ದ್ರಾಕ್ಷಿಯ ಕಸ್ತೂರಿ ಥರದ ಘಮ ಕ್ಯಾಬರ್ನೆಗೆ ಇಲ್ಲ.

ಒಳಗೆ ಸ್ಟೀಲ್ ಟ್ಯಾಂಕ್‌ಗಳ ಮೇಲಿನ ತಾಪಮಾನ ಓದಿಸಿ. ಬಿಳಿ ವೈನ್ ಸುಮಾರು 12ರಿಂದ 18 ಡಿಗ್ರಿಯಲ್ಲಿ ತಣ್ಣಗೆ ಹುದುಗುತ್ತದೆ, ಹಣ್ಣಿನ ಘಮ ಉಳಿಯಲಿ ಅಂತ. ಕೆಂಪಿಗೆ 24ರಿಂದ 30, ಬಣ್ಣ-ಒಗರು ಇಳಿಯಲಿ ಅಂತ. ಹುದುಗುವ ತೊಟ್ಟಿಗೆ ತಲೆ ಬಗ್ಗಿಸಿ ಯಾರೂ ಮೂಸಬಾರದು, ಅಲ್ಲಿ ತುಂಬಿರುವುದು ಕಾರ್ಬನ್ ಡೈಆಕ್ಸೈಡ್. ಪೀಪಾಯಿ ಕೋಣೆಯಲ್ಲಿ ಒಂದು ಪೀಪಾಯಿಗೆ ಎಷ್ಟು ಹಿಡಿಯುತ್ತದೆ ಅಂತ ಕೇಳಿ. ಸಾಮಾನ್ಯವಾಗಿ 225 ಲೀಟರ್, ಅಂದರೆ ಮುನ್ನೂರು ಬಾಟಲಿ.

ವೈನ್ ಮಾಡುವವರು ಸಿಕ್ಕಾಗ 'ಬೆಸ್ಟ್ ವೈನ್ ಯಾವುದು' ಅಂತ ಕೇಳಿ ಸಮಯ ಹಾಳು ಮಾಡಬೇಡಿ. ಎಷ್ಟು ಬ್ರಿಕ್ಸ್‌ಗೆ (ಹಣ್ಣಿನ ಸಕ್ಕರೆಯ ಅಳತೆ) ಕೊಯ್ದಿರಿ? ಹೋಟೆಲ್‌ನವರು ನಿಮ್ಮ ವೈನನ್ನು ಎಲ್ಲಿ ಕೆಡಿಸುತ್ತಾರೆ? ಈ ಎರಡನೇ ಪ್ರಶ್ನೆಗೆ ಅವರು ಬಿಚ್ಚಿ ಮಾತಾಡುತ್ತಾರೆ.

7. ಟೇಸ್ಟಿಂಗ್ ಟೇಬಲ್

ಹನ್ನೊಂದರಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು, ನಾಲಿಗೆ ಚುರುಕಾಗಿರುತ್ತದೆ. ಪ್ರತಿಯೊಬ್ಬರ ಮುಂದೆ ಬಿಳಿ ಹಾಳೆ, ನೀರು, ಉಪ್ಪಿಲ್ಲದ ಬ್ರೆಡ್, ಪೆನ್ನು. ಕ್ರಮ ಹೀಗಿರಲಿ: ಸ್ಪಾರ್ಕ್ಲಿಂಗ್, ಹಗುರ ಬಿಳಿ, ರೋಸೆ, ಕೆಂಪು, ಸಿಹಿ. ಗಟ್ಟಿಯದ್ದು ಮೊದಲು ಬಂದರೆ ಹಗುರದ್ದು ಬರೀ ನೀರು ಅನ್ನಿಸುತ್ತದೆ.

ಗ್ಲಾಸನ್ನು ಕಾಂಡದಲ್ಲಿ ಹಿಡಿದು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯ ಕೆಂಪು ವೈನ್‌ನ ಅಂಚು ನೇರಳೆ, ವಯಸ್ಸಾದಂತೆ ಇಟ್ಟಿಗೆ ಬಣ್ಣ. ಅಲ್ಲಾಡಿಸದೆ ಒಮ್ಮೆ ಮೂಸಿ, ತಿರುಗಿಸಿ ಇನ್ನೊಮ್ಮೆ ಮೂಸಿ. ಗುಟುಕು ತೆಗೆದು ಬಾಯಲ್ಲೆಲ್ಲ ಆಡಿಸಿ, ತುಟಿ ಸಂದಿಯಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಸುರ್ ಅಂತ ಸದ್ದಾಗುತ್ತದೆ, ನಾಚಿಕೆ ಬೇಡ. ಜೊಲ್ಲು ಬಂತಾ, ಒಣಗಿತಾ? ಗಂಟಲಲ್ಲಿ ಬಿಸಿ ಆಯಿತಾ? ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು? ಉಗುಳುವುದನ್ನು ಮೊದಲು ಲೆಕ್ಚರರ್ ಮಾಡಿ ತೋರಿಸಿ, ಆಗ ವಿದ್ಯಾರ್ಥಿಗಳ ಸಂಕೋಚ ಹೋಗುತ್ತದೆ.

ಮೊದಲ ಐದು ನಿಮಿಷ ಯಾರೂ ಮಾತಾಡಬಾರದು. ಒಬ್ಬರು 'ಸ್ಟ್ರಾಬೆರಿ' ಅಂದರೆ ಸಾಕು, ಇಡೀ ಟೇಬಲ್‌ಗೆ ಸ್ಟ್ರಾಬೆರಿಯೇ ಕಾಣುತ್ತದೆ. ಅದಿರಲಿ, ಸ್ಟ್ರಾಬೆರಿನೇ ಯಾಕೆ ಬೇಕು? ನೇರಳೆ, ಸೀಬೆ, ನೆಲ್ಲಿಕಾಯಿ ಅಂತ ಬರೆದರೂ ಪೂರ್ತಿ ಅಂಕ ಕೊಡಿ.

ತಾಪಮಾನದ ಪ್ರಯೋಗ ತಪ್ಪಿಸಬೇಡಿ. 'ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ' ಅನ್ನುವ ನಿಯಮ ಚಳಿ ದೇಶದ ಮನೆಗಳದ್ದು. ಮಾರ್ಚ್‌ನ ದೊಡ್ಡಬಳ್ಳಾಪುರದಲ್ಲಿ ರೂಮ್ ಅಂದರೆ 30 ಡಿಗ್ರಿ! ಒಂದೇ ಕೆಂಪು ವೈನನ್ನು ಹಾಗೇ ಒಂದು ಗ್ಲಾಸ್, 16-18 ಡಿಗ್ರಿಗೆ ತಣಿಸಿ ಒಂದು ಗ್ಲಾಸ್ ಕೊಡಿಸಿ. ಬೆಚ್ಚಗಿನದರಲ್ಲಿ ಸ್ಪಿರಿಟ್ ಘಾಟು ಮುಂದೆ ಬರುತ್ತದೆ. ಬಿಳಿಗೆ 8ರಿಂದ 12 ಸರಿ. 21 ಆಗದವರು ಥರ್ಮಾಮೀಟರ್ ಹಿಡಿದು ಈ ಲೆಕ್ಕ ಇಡಲಿ.

8. ಊಟ

ಡೈನಿಂಗ್ ಅಂದಾಗ ಎಲ್ಲರೂ ತಿನ್ನಲು ಕೂರುತ್ತಾರೆ. ಅರ್ಧ ಜನ ಕೂರಲಿ, ಅರ್ಧ ಜನ ಬಡಿಸಲಿ, ಮಧ್ಯದಲ್ಲಿ ಅದಲು ಬದಲು. 21 ಆಗದವರು ಊಟ ಬಡಿಸಲಿ. ಬಾಟಲಿ ತೆರೆಯುವುದು ದೊಡ್ಡವರ ಕೆಲಸ.

ತೆರೆಯುವ ಕ್ರಮ: ಹೋಸ್ಟ್‌ಗೆ, ಅಂದರೆ ವೈನ್ ಆರ್ಡರ್ ಮಾಡಿದವರಿಗೆ, ಬಲಗಡೆಯಿಂದ ಲೇಬಲ್ ತೋರಿಸಿ ಹೆಸರು, ವರ್ಷ ಹೇಳುವುದು. ಬಾಟಲಿ ಬಾಯಿಯ ಕೆಳ ಅಂಚಿನ ಅಡಿಗೆ ಫಾಯಿಲ್ ಕತ್ತರಿಸಿ ಒರೆಸುವುದು. ಸ್ಕ್ರೂ ಕಾರ್ಕ್ ನಡುವಿಗೇ ಇಳಿಯಬೇಕು, ಕೊನೆಯ ಸುತ್ತು ಹೊರಗುಳಿಯಬೇಕು, ಇಲ್ಲದಿದ್ದರೆ ಪುಡಿ ವೈನ್‌ಗೆ ಬೀಳುತ್ತದೆ. ಸದ್ದಿಲ್ಲದೆ ಎಳೆಯಬೇಕು, 'ಟಪ್' ಅಂದರೆ ಅಂಕ ಕಟ್. ಹೋಸ್ಟ್‌ಗೆ ರುಚಿಗೆ ಸ್ವಲ್ಪ ಹಾಕಿ, ಅವರು ಒಪ್ಪಿದ ಮೇಲೆ ಉಳಿದವರಿಗೆ, ಕೊನೆಗೆ ಹೋಸ್ಟ್‌ಗೆ. ಹಾಕಿ ಮುಗಿಸುವಾಗ ಮಣಿಕಟ್ಟು ತಿರುಗಿಸಿದರೆ ಹನಿ ಬೀಳುವುದಿಲ್ಲ.

ಮೆನು ಪಾಸ್ತಾ-ಚೀಸ್‌ಗೇ ನಿಲ್ಲದಿರಲಿ. ನಾಳೆ ನಿಮ್ಮ ಗ್ರಾಹಕರು ಕೇಳುವುದು ನಮ್ಮ ಊಟಕ್ಕೆ ಯಾವ ವೈನ್ ಅಂತ. ವೈನರಿ ಅಡುಗೆಮನೆ ಒಪ್ಪಿದರೆ ನಾಲ್ಕು ಸಣ್ಣ ಪ್ಲೇಟ್ ಮಾಡಿಸಿ. ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಗೆ ಬಿಳಿ ವೈನ್ ಸೊವಿನ್ಯೋ ಬ್ಲಾಂ, ಹುಳಿಗೆ ಹುಳಿ ಸರಿಹೋಗುತ್ತದೆ. ಹುಣಸೆ, ಖಾರ ಎರಡೂ ಇರುವ ಬಿಸಿಬೇಳೆಬಾತ್‌ಗೆ ಸ್ವಲ್ಪ ಸಿಹಿ ಇರುವ ಇನ್ನೊಂದು ಬಿಳಿ, ಶೆನಿನ್ ಬ್ಲಾಂ. ಕಾಳುಮೆಣಸು ಮುಂದಿರುವ ನಾಟಿಕೋಳಿ ಫ್ರೈಗೆ ಒಗರು ಕಡಿಮೆ ಇರುವ ಶಿರಾಜ್, ಸ್ವಲ್ಪ ತಣ್ಣಗೆ. ಒಬ್ಬಟ್ಟಿಗೆ ಲೇಟ್ ಹಾರ್ವೆಸ್ಟ್, ಅಂದರೆ ತಡವಾಗಿ ಕೊಯ್ದ ಹಣ್ಣಿನ, ಸಿಹಿ ವೈನ್. ತಿಂಡಿಗಿಂತ ವೈನ್ ಸಿಹಿ ಇರಬೇಕು, ಇಲ್ಲದಿದ್ದರೆ ವೈನ್ ಬರೀ ಹುಳಿ ಹೊಡೆಯುತ್ತದೆ. ಮೊಸರನ್ನಕ್ಕೆ ಯಾವ ವೈನ್ ಅಂತ ಮಾತ್ರ ಕೇಳಬೇಡಿ, ಮೊಸರನ್ನದ ಪಾಡಿಗೆ ಮೊಸರನ್ನ ಇರಲಿ.

ಬೇಕಂತಲೇ ಒಂದು ತಪ್ಪು ಜೋಡಿಯನ್ನೂ ಇಡಿ. ಗುಂಟೂರು ಮೆಣಸಿನಕಾಯಿ ಹಾಕಿದ ಖಾರದ ಪಲ್ಯ, ಜೊತೆಗೆ ಗಟ್ಟಿ ಕ್ಯಾಬರ್ನೆಯ ಎರಡು ಗುಟುಕು. ಬಾಯಿ ಉರಿದು, ವೈನ್ ಕಹಿಯಾಗುತ್ತದೆ. ಕ್ಲಾಸಿನ ಖಾರಾ ಮಿಕ್ಸ್ಚರ್ ನೆನಪಿಗೆ ಬಂದವರು ಕೈ ಎತ್ತಲಿ.

ಊಟದ ವೈನ್ ಕೂಡ ಟೇಸ್ಟಿಂಗ್ ಅಳತೆಯಲ್ಲೇ ಇರಲಿ. ಕುಡಿಯದವರ ಗ್ಲಾಸು ಖಾಲಿ ಕೂರಬಾರದು. ದ್ರಾಕ್ಷಿ ರಸ, ಪಾನಕ, ಉಪ್ಪು ಹಾಕಿದ ನಿಂಬೆ ಸೋಡಾ, ಇವನ್ನೂ ಯಾವ ಪ್ಲೇಟಿಗೆ ಯಾವುದು ಅಂತ ಜೋಡಿಸಲಿ. ಮದ್ಯವಿಲ್ಲದ ಪಾನೀಯಗಳನ್ನು ಊಟಕ್ಕೆ ಹೊಂದಿಸುವುದೂ ಈಗ ಹೋಟೆಲ್‌ಗಳಲ್ಲಿ ನಿಜವಾದ ಕೆಲಸವೇ.

9. ವಾಪಸ್, ಮತ್ತು ಮಾರನೇ ದಿನ

ಮೂರೂವರೆಗೆ ಬಸ್ಸು ಬಿಟ್ಟರೆ ಹೆಬ್ಬಾಳದ ಸಂಜೆ ಟ್ರಾಫಿಕ್‌ಗೆ ಮುಂಚೆ ಊರು ಸೇರಬಹುದು. ಬಾಟಲಿ ಕೊಂಡವರು ಬಿಲ್ ಇಟ್ಟುಕೊಳ್ಳಲಿ, ಬಸ್ಸಿನಲ್ಲಿ ತೆರೆಯುವಂತಿಲ್ಲ. ಬಸ್ಸಿನಲ್ಲಿ ಬಿಟ್ಟರೆ ಬಿಸಿಲಿಗೆ ವೈನ್ ಬೆಂದೇ ಹೋಗುತ್ತದೆ, ಕೈಯಲ್ಲಿ ಇಳಿಸಿಕೊಳ್ಳಲಿ.

ಮಾರನೇ ದಿನದ ಕ್ಲಾಸಿನಲ್ಲಿ ಎರಡು ಕೆಲಸ. ಒಂದು, ಗ್ಲಾಸ್ ಬೆಲೆ ಕಟ್ಟುವುದು. ಬಾಟಲಿ ರೆಸ್ಟೋರೆಂಟ್‌ಗೆ 1,000 ರೂಪಾಯಿಗೆ ಬಿತ್ತು ಅಂದುಕೊಳ್ಳಿ, ಬೆವರೇಜ್ ಕಾಸ್ಟ್ (ಮಾರಾಟದ ಹಣದಲ್ಲಿ ಕೊಂಡ ಬೆಲೆಯ ಪಾಲು) ಶೇ. 30 ಇರಬೇಕು. ಬಾಟಲಿಯಿಂದ ಸುಮಾರು 3,333 ಬರಬೇಕು, ಐದು ಗ್ಲಾಸ್ ಅಂದರೆ ಗ್ಲಾಸಿಗೆ 667. ಈಗ ಐದನೇ ಗ್ಲಾಸ್ ಮಾರಾಟವಾಗದೆ ಎರಡು ದಿನ ಕೂತು ಕೆಟ್ಟಿತು ಅನ್ನಿ. ಲೆಕ್ಕ ಮತ್ತೆ ಹಾಕಿಸಿ: ನಾಲ್ಕೇ ಗ್ಲಾಸಿನಿಂದ 2,668, ಕಾಸ್ಟ್ ಶೇ. 37 ದಾಟಿತು.

ಎರಡನೆಯದು, ಒಬ್ಬ ಗ್ರಾಹಕ, ಒಬ್ಬ ವೇಟರ್. ಗ್ರಾಹಕ 'ಸರ್, ಈ ಕೆಂಪು ವೈನ್ ಹೇಗಿರುತ್ತೆ?' ಅಂತ ಕೇಳುತ್ತಾನೆ. ವೇಟರ್ ತನ್ನ ಟೇಸ್ಟಿಂಗ್ ಹಾಳೆ ನೋಡಿ ಎರಡೇ ವಾಕ್ಯದಲ್ಲಿ, ಫ್ರೆಂಚ್ ಪದ ಬಳಸದೆ ಹೇಳಬೇಕು: 'ನೇರಳೆ ಹಣ್ಣು, ಕಾಳುಮೆಣಸಿನ ಘಮ ಇದೆ, ಒಗರು ಹದವಾಗಿದೆ. ನೀವು ಹೇಳಿದ ಕೋಳಿಗೆ ಸರಿಹೋಗುತ್ತೆ, ಸ್ವಲ್ಪ ತಣ್ಣಗೆ ಕೊಡ್ಲಾ?' ಟೂರ್‌ನ ಅಂಕವನ್ನು ಇದಕ್ಕೇ ಇಡಿ, ರಿಪೋರ್ಟ್‌ಗೆ ಬೇಡ. ರಿಪೋರ್ಟನ್ನು ಒಬ್ಬ ಬರೆದರೆ ಸಾಕು, ಉಳಿದವರೆಲ್ಲ ಕಾಪಿ ಹೊಡೆಯುತ್ತಾರೆ.